ರಾತ್ರಿ ಒಂಬತ್ತರ ಖಾಲಿ ಬಸ್ಸಿನ ಖರ್ಚು ಯಾರದು? ಮಂಗಳೂರು, ಉಡುಪಿಗೆ ಹೊಂದುವ ಸಾರಿಗೆ ವ್ಯವಸ್ಥೆಯ ಹೋಲಿಕೆ

ನನ್ನ ಸೋದರಮಾವ ಇಪ್ಪತ್ತೆರಡು ವರ್ಷ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಬಾಗಿಲಲ್ಲಿ ಜೋತುಬಿದ್ದು ‘ದುಂಬು ಪೋಲೆ, ದುಂಬು ಪೋಲೆ’ (ತುಳುವಿನಲ್ಲಿ, ಮುಂದೆ ಹೋಗಿ) ಎಂದು ಕೂಗಿ ಕೂಗಿ ಅವರ ಗಂಟಲು ಒಡೆದುಹೋಗಿತ್ತು. ರಾತ್ರಿ ಕಲೆಕ್ಷನ್ ಎಣಿಸಿ, ಡೀಸೆಲ್ ಮತ್ತು ಬಾಟಾ (ದಿನದ ಭತ್ಯೆ) ಕಳೆದು, ಧಣಿಗೆ ಒಪ್ಪಿಸಬೇಕಾದ್ದನ್ನು ಕಟ್ಟಿಟ್ಟ ಮೇಲೆಯೇ ಅವರಿಗೆ ಗಂಜಿ ಇಳಿಯುತ್ತಿತ್ತು. ಬೆಳಗಿನ ಎರಡು ಟ್ರಿಪ್ಪು ಬಸ್ಸನ್ನು ಸಾಕುತ್ತದೆ, ರಾತ್ರಿಯ ಟ್ರಿಪ್ಪು ಬಸ್ಸನ್ನು ತಿನ್ನುತ್ತದೆ ಎಂದು ಅವರು ಹೇಳುತ್ತಿದ್ದರು.

ಆ ರಾತ್ರಿಯ ಟ್ರಿಪ್ಪಿಗಾಗಿ ನಾನು ಆರು ವರ್ಷ ಕಾದಿದ್ದೇನೆ. ಹಂಪನಕಟ್ಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಬಾಗಿಲು ಹಾಕುವಾಗ ಎಂಟೂ ಮುಕ್ಕಾಲು ಆಗುತ್ತಿತ್ತು. ಆಟಿ ತಿಂಗಳ ಜಡಿಮಳೆಯಲ್ಲಿ ಕೊಡೆ ಹಿಡಿದು ನಿಂತರೆ ಕೆಲವು ದಿನ ಬಸ್ಸು ಬರುತ್ತಿತ್ತು. ಟ್ರಿಪ್ ಕಟ್ ಆದ ದಿನ ದುಡಿದದ್ದರಲ್ಲಿ ದೊಡ್ಡ ಪಾಲು ರಿಕ್ಷಾಕ್ಕೇ ಹೋಗುತ್ತಿತ್ತು. ಹೀಗಾಗಿ ನಗರ ಸಾರಿಗೆ ಸರಕಾರದ ಕೈಯಲ್ಲಿರಬೇಕೇ, ಖಾಸಗಿಯವರ ಕೈಯಲ್ಲೇ ಎಂದು ಯಾರು ಮಾತು ತೆಗೆದರೂ ನಾನು ಮರುಪ್ರಶ್ನೆ ಹಾಕುತ್ತೇನೆ: ರಾತ್ರಿ ಒಂಬತ್ತರ ಖಾಲಿ ಬಸ್ಸಿನ ನಷ್ಟವನ್ನು ಯಾರು ಹೊರುತ್ತಾರೆ? ಈ ಬರಹದಲ್ಲಿ ಪ್ರತಿಯೊಂದು ವ್ಯವಸ್ಥೆಯನ್ನೂ ಅದೇ ಪ್ರಶ್ನೆಯಿಂದ ತೂಗಿ ನೋಡಿದ್ದೇನೆ.

ಉದಾಹರಣೆಗೆ ಒಂದು ಲೆಕ್ಕ ಹಿಡಿಯೋಣ. ಇಪ್ಪತ್ತು ಕಿಲೋಮೀಟರಿನ ಮಾರ್ಗ. ಡೀಸೆಲ್, ಸಂಬಳ, ಟಯರು, ವಿಮೆ, ಬ್ಯಾಂಕಿನ ಕಂತು ಎಲ್ಲ ಸೇರಿ ಕಿಲೋಮೀಟರಿಗೆ 50 ರೂಪಾಯಿ ಖರ್ಚು ಎಂದುಕೊಳ್ಳಿ. ಒಂದು ಟ್ರಿಪ್ಪಿಗೆ ಸಾವಿರ ರೂಪಾಯಿ ಬೇಕು. ಬೆಳಗ್ಗೆ ಎಂಟೂವರೆಗೆ ಎಪ್ಪತ್ತು ಜನ ಹತ್ತಿ ತಲಾ 30 ರೂಪಾಯಿ ಕೊಟ್ಟರೆ 2,100 ಬಂತು. ರಾತ್ರಿ ಒಂಬತ್ತಕ್ಕೆ ಒಂಬತ್ತು ಜನ, 270 ರೂಪಾಯಿ. ರಾತ್ರಿಯ 730 ರೂಪಾಯಿಯ ನಷ್ಟವನ್ನು ಬೆಳಗಿನ 1,100 ರೂಪಾಯಿಯ ಲಾಭ ತುಂಬಬಹುದು. ಆದರೆ ಬೆಳಗಿನ ಲಾಭ ಪಡೆದವನೇ ರಾತ್ರಿಯೂ ಬಸ್ಸು ತೆಗೆಯಬೇಕು, ಇಲ್ಲವೇ ಎರಡೂ ಟ್ರಿಪ್ಪಿನ ಹಣ ಒಂದೇ ಪೆಟ್ಟಿಗೆಗೆ ಬೀಳಬೇಕು. ಮುಂದಿನ ಎಲ್ಲ ವಾದವೂ ಈ ಪೆಟ್ಟಿಗೆಯ ಬಗ್ಗೆಯೇ.

ನಮ್ಮಲ್ಲಿ ಈಗ ಇರುವುದು

ರಾಜ್ಯದ ಬಹುಪಾಲು ಜಿಲ್ಲೆಗಳಲ್ಲಿ ಮುಖ್ಯ ಮಾರ್ಗಗಳು ಸರಕಾರಿ ನಿಗಮದ ಕೈಗೆ ಹೋದಾಗ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಖಾಸಗಿ ಬಸ್ಸುಗಳೇ ಉಳಿದವು. ಇಂದಿಗೂ ಮಂಗಳೂರಿನಲ್ಲಿ ಸಿಟಿ ಬಸ್ಸೆಂದರೆ ಖಾಸಗಿ ಬಸ್ಸು. ಉಡುಪಿಯಲ್ಲಿ ಸಿಟಿ ಬಸ್ ನಿಲ್ದಾಣ, ಬೇರೆ ಊರುಗಳಿಗೆ ಹೋಗುವ ಸರ್ವಿಸ್ ಬಸ್ಸುಗಳ ನಿಲ್ದಾಣ ಎಂದು ಬೇರೆ ಬೇರೆಯಾಗಿಯೇ ಬೆಳೆದಿವೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ದರವನ್ನು ರಾಜ್ಯ ಸರಕಾರ ಗೊತ್ತು ಮಾಡುತ್ತದೆ. ಮಾರ್ಗದ ಪರವಾನಗಿಯನ್ನು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ ಕೊಡುತ್ತದೆ. ಅದರ ನಂತರ ಬಸ್ಸು ಧಣಿಯದು, ಕಲೆಕ್ಷನ್ ಧಣಿಯದು, ನಷ್ಟವೂ ಧಣಿಯದು.

ಈ ವ್ಯವಸ್ಥೆಯನ್ನು ಹೀಗಳೆಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಹಗಲು ಹೊತ್ತಿನಲ್ಲಿ ತೊಕ್ಕೊಟ್ಟಿಗೋ ಸುರತ್ಕಲ್ಲಿಗೋ ಮಣಿಪಾಲಕ್ಕೋ ಹೋಗಬೇಕೆಂದರೆ ಗಡಿಯಾರ ನೋಡಬೇಕಾಗಿಲ್ಲ. ಒಂದರ ಹಿಂದೆ ಒಂದು ಬರುತ್ತದೆ. ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆ. ಕೈ ಅಡ್ಡ ಹಿಡಿದ ಅಜ್ಜಿಗಾಗಿ ನಿಲ್ಲಿಸುವ ಚಾಲಕರೂ ಇದ್ದಾರೆ. ಸರಕಾರದಿಂದ ಸಹಾಯಧನವಿಲ್ಲ, ಬದಲಿಗೆ ಬಸ್ಸಿನವರೇ ತೆರಿಗೆ ಕಟ್ಟುತ್ತಾರೆ. ಇಷ್ಟನ್ನು ಮಾಡಿಕೊಂಡು ಬಂದ ಊರು ರಾಜ್ಯದಲ್ಲಿ ಬೇರೆ ಎಷ್ಟಿವೆ?

ಆದರೆ ನನ್ನ ಪ್ರಶ್ನೆಗೆ ಈ ವ್ಯವಸ್ಥೆಯ ಉತ್ತರ ಸ್ಪಷ್ಟ: ರಾತ್ರಿಯ ನಷ್ಟವನ್ನು ಹೊರಬೇಕಾದವನು ಧಣಿ, ಅವನು ಹೊರಲು ಒಪ್ಪದ ದಿನ ಪ್ರಯಾಣಿಕ. ಪರವಾನಗಿಯಲ್ಲಿ ಟ್ರಿಪ್ಪುಗಳ ಸಂಖ್ಯೆಯೂ ವೇಳೆಯೂ ಬರೆದಿರುತ್ತದೆ. ಪಾಲಿಸದಿದ್ದರೆ ಕೇಳುವವರು ರಾತ್ರಿ ಒಂಬತ್ತಕ್ಕೆ ನಿಲ್ದಾಣದಲ್ಲಿ ಇರುವುದಿಲ್ಲ. ಇನ್ನು ಹಗಲಿನ ಓಟ. ಹಿಂದಿನ ಬಸ್ಸಿಗೂ ಮುಂದಿನ ಬಸ್ಸಿಗೂ ಮೂರು ನಿಮಿಷದ ಟೈಮಿಂಗ್ ಇದ್ದರೆ, ಆ ಮೂರು ನಿಮಿಷದಲ್ಲಿ ನಿಲ್ದಾಣಕ್ಕೆ ಬಂದ ಪ್ರಯಾಣಿಕರೇ ಬಸ್ಸಿನ ಆ ಹೊತ್ತಿನ ಅನ್ನ. ಮುಂದಿನವನು ಒಂದು ನಿಮಿಷ ತಡಮಾಡಿದರೆ ಹಿಂದಿನವನ ಅನ್ನವನ್ನು ಉಂಡಂತೆ. ಕಂಕನಾಡಿ, ಪಂಪ್‌ವೆಲ್‌ಗಳಲ್ಲಿ ಬಸ್ಸುಗಳು ಓವರ್‌ಟೇಕ್ ಮಾಡಿ ಅಡ್ಡ ನಿಲ್ಲುವುದು, ಕಾಲಿಡುವ ಮೊದಲೇ ಸೀಟಿ ಊದುವುದು ಎಲ್ಲವೂ ಇಲ್ಲಿಂದಲೇ ಹುಟ್ಟುತ್ತವೆ. ಚಾಲಕನ ಕೊಬ್ಬು ಎಂದು ಬೈಯುವವರನ್ನು ಕಂಡಾಗ ನನಗೆ ನೋವಾಗುತ್ತದೆ. ಅವನ ಬಾಟಾ ಕಲೆಕ್ಷನ್ನಿಗೆ ಕಟ್ಟಿಕೊಂಡಿದೆ. ನನ್ನ ಮಾವನದೂ ಹಾಗೆಯೇ ಇತ್ತು.

ದೆಹಲಿ ಇದನ್ನು ಇನ್ನೂ ದೊಡ್ಡ ಪ್ರಮಾಣದಲ್ಲಿ ಅನುಭವಿಸಿತು. 1992ರಲ್ಲಿ ರೆಡ್‌ಲೈನ್ ಎಂದು ಆರಂಭವಾಗಿ ಮುಂದೆ ಬ್ಲೂಲೈನ್ ಎಂದು ಹೆಸರು ಬದಲಿಸಿಕೊಂಡ ಖಾಸಗಿ ಬಸ್ಸುಗಳು ಪ್ರಯಾಣಿಕರಿಗಾಗಿ ರಸ್ತೆಯಲ್ಲೇ ಪೈಪೋಟಿಗೆ ಬಿದ್ದು ಅನೇಕರ ಜೀವ ತೆಗೆದವು. ಕೊನೆಗೆ ಅವುಗಳನ್ನು ಹಂತಹಂತವಾಗಿ ತೆಗೆದುಹಾಕಬೇಕಾಯಿತು. ಬ್ರಿಟನ್ನಿನಲ್ಲಿ 1986ರ ಅಕ್ಟೋಬರಿನಿಂದ ಲಂಡನ್ ಹೊರತಾದ ಊರುಗಳ ಬಸ್ಸುಗಳನ್ನು ಮಾರುಕಟ್ಟೆಗೆ ಬಿಟ್ಟುಕೊಟ್ಟರು. ಮ್ಯಾಂಚೆಸ್ಟರ್ ಪ್ರದೇಶ 2023ರ ಸೆಪ್ಟೆಂಬರಿನಲ್ಲಿ ಬೋಲ್ಟನ್, ವಿಗನ್ ಕಡೆಯಿಂದ ತೊಡಗಿ 2025ರ ಜನವರಿಯ ಹೊತ್ತಿಗೆ ತನ್ನ ಎಲ್ಲ ಬಸ್ಸುಗಳನ್ನು ಮತ್ತೆ ಸಾರ್ವಜನಿಕ ಹಿಡಿತಕ್ಕೆ ತಂದುಕೊಂಡಿತು. ಹಾಗೆ ಮಾಡುವಾಗ ಖಾಸಗಿ ಕಂಪೆನಿಗಳನ್ನು ಹೊರದಬ್ಬಲಿಲ್ಲ. ಮಾರ್ಗ, ದರ, ವೇಳೆಯ ತೀರ್ಮಾನವನ್ನು ಮಾತ್ರ ಅವುಗಳ ಕೈಯಿಂದ ತೆಗೆದುಕೊಂಡಿತು. ನಮ್ಮಲ್ಲಿ ಈ ಎರಡು ಸಂಗತಿಗಳನ್ನು ಒಂದೇ ಎಂದು ತಿಳಿದು ಜಗಳವಾಡುತ್ತಾರೆ.

ಎಲ್ಲವೂ ಸರಕಾರಿ ಆದರೆ?

ಸರಕಾರಿ ನಿಗಮದಲ್ಲಿ ಲಾಭದ ಟ್ರಿಪ್ಪಿನ ಹಣವೂ ನಷ್ಟದ ಟ್ರಿಪ್ಪಿನ ಹಣವೂ ಒಂದೇ ಪೆಟ್ಟಿಗೆಗೆ ಬೀಳುತ್ತದೆ. ತತ್ತ್ವದಲ್ಲಿ ಇದೇ ಸರಿಯಾದ ಉತ್ತರ. ಮಲೆನಾಡಿನ ಮೂಲೆಯ ಹಳ್ಳಿಗೆ ಸಂಜೆ ಒಂದು ಕೆಂಪು ಬಸ್ಸು ಹೋಗಿ ರಾತ್ರಿ ಅಲ್ಲೇ ತಂಗುವುದು ಈ ಪೆಟ್ಟಿಗೆಯ ಬಲದಿಂದ.

ಶಕ್ತಿ ಯೋಜನೆಯನ್ನೂ ಇಲ್ಲೇ ಹೇಳಬೇಕು. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ಹಣವಿಲ್ಲ. ಆ ಹಣವನ್ನು ಸರಕಾರ ನಿಗಮಗಳಿಗೆ ತುಂಬಿಕೊಡಬೇಕು. ಖಾಸಗಿ ಬಸ್ಸಿಗೆ ಇದು ಅನ್ವಯಿಸುವುದಿಲ್ಲ. ಹಾಸನದಲ್ಲಿ ಮನೆಗೆಲಸಕ್ಕೆ ಹೋಗುವ ಹೆಂಗಸು ಶೂನ್ಯ ಟಿಕೆಟ್ ಪಡೆದು ಕೂರುತ್ತಾಳೆ. ಬಜ್ಪೆಯಿಂದ ಮಂಗಳೂರಿಗೆ ಅದೇ ಕೆಲಸಕ್ಕೆ ಬರುವ ಹೆಂಗಸು ಖಾಸಗಿ ಬಸ್ಸಿನಲ್ಲಿ ಪೂರ್ತಿ ಹಣ ಕೊಡುತ್ತಾಳೆ. ಇಬ್ಬರೂ ಸಾಬೂನಿನ ಮೇಲೆ ಕಟ್ಟುವ ತೆರಿಗೆ ಒಂದೇ. ಕರಾವಳಿಯ ಹೆಂಗಸರಿಗೆ ಆಗಿರುವ ಈ ಅನ್ಯಾಯವನ್ನು ನಾನು ಸಣ್ಣದೆಂದು ಒಪ್ಪಲಾರೆ.

ಹಾಗಾದರೆ ಎಲ್ಲ ಮಾರ್ಗಗಳನ್ನೂ ನಿಗಮಕ್ಕೇ ಕೊಟ್ಟುಬಿಡೋಣವೇ? ನರ್ಮ್ ಬಸ್ಸುಗಳ ಕತೆ ನೆನಪಾಗುತ್ತದೆ. ಕೇಂದ್ರದ ನಗರ ನವೀಕರಣ ಯೋಜನೆಯ ಹೆಸರು ಹೊತ್ತು ಮಂಗಳೂರು ಮತ್ತು ಉಡುಪಿಯಲ್ಲಿ ಸರಕಾರಿ ಸಿಟಿ ಬಸ್ಸುಗಳು ಇಳಿದಾಗ ಜನ ಸಂತೋಷಪಟ್ಟಿದ್ದರು. ಬಾಗಿಲು ಮುಚ್ಚಿದ ಬಸ್ಸಿನಲ್ಲಿ ಕೂರುವುದೇ ಒಂದು ನೆಮ್ಮದಿಯಾಗಿತ್ತು. ಆದರೆ ಖಾಸಗಿಯವರು ಓಡುವ ಮಾರ್ಗದಲ್ಲಿ ಪರವಾನಗಿಗಾಗಿ ತಕರಾರು. ಕೊರೊನಾ ಕಾಲದಲ್ಲಿ ನಿಂತ ಟ್ರಿಪ್ಪುಗಳಲ್ಲಿ ಮರಳಿ ಬಾರದವು ಹಲವು. ಸಿಟಿ ಬಸ್ಸಿನ ತೀರ್ಮಾನ ಬೆಂಗಳೂರಿನ ಕಚೇರಿಯಲ್ಲಿ ಆಗುತ್ತದೆ. ಅಲ್ಲಿ ಕೂತವರಿಗೆ ಬೋಂದೆಲ್‌ನ ಸಂಜೆಯ ಜನಸಂದಣಿ ಕಾಣುವುದಿಲ್ಲ. ಉಚಿತ ಟಿಕೆಟ್ಟಿನ ಹಣ ಸರಕಾರದಿಂದ ಹೊತ್ತಿಗೆ ಬಾರದಿದ್ದರೆ ನಿಗಮ ಮೊದಲು ಕೈಬಿಡುವುದೂ ಆ ರಾತ್ರಿಯ ಟ್ರಿಪ್ಪನ್ನೇ. ಪೆಟ್ಟಿಗೆ ಒಂದೇ ಇದ್ದರೂ ಅದರ ಬೀಗದ ಕೈ ಮುನ್ನೂರೈವತ್ತು ಕಿಲೋಮೀಟರು ದೂರದಲ್ಲಿದೆ.

ಕಿಲೋಮೀಟರಿಗೆ ಇಂತಿಷ್ಟು ಎಂಬ ಒಪ್ಪಂದ

ನನ್ನ ಒಲವು ಈ ಕಡೆಗಿದೆ, ಅದನ್ನು ಮುಚ್ಚಿಡುವುದಿಲ್ಲ. ಬಸ್ಸು ಖಾಸಗಿಯವರದೇ ಇರಲಿ, ಚಾಲಕರೂ ಅವರವರೇ ಇರಲಿ. ಆದರೆ ಟಿಕೆಟ್ಟಿನ ಹಣ ನಗರದ ಪೆಟ್ಟಿಗೆಗೆ ಹೋಗಲಿ. ಧಣಿಗೆ ಓಡಿಸಿದ ಕಿಲೋಮೀಟರಿಗೆ ಇಂತಿಷ್ಟು ಎಂದು ನಗರ ಕೊಡಲಿ. ಬಸ್ಸಿನಲ್ಲಿ ಎಪ್ಪತ್ತು ಜನರಿದ್ದರೂ ಒಂಬತ್ತು ಜನರಿದ್ದರೂ ಅವನಿಗೆ ಬರುವುದು ಅಷ್ಟೇ. ಆಗ ಓವರ್‌ಟೇಕ್ ಮಾಡಿ ಪಡೆಯುವುದೇನೂ ಇಲ್ಲ. ರಾತ್ರಿಯ ಟ್ರಿಪ್ಪು ಕಟ್ ಮಾಡಿದರೆ ಅವನಿಗೇ ನಷ್ಟ, ಏಕೆಂದರೆ ಆ ಇಪ್ಪತ್ತು ಕಿಲೋಮೀಟರಿನ ಹಣ ಸಿಗುವುದಿಲ್ಲ. ಒಂದೇ ಒಂದು ಬದಲಾವಣೆ, ಧಣಿಯ ಲೆಕ್ಕಾಚಾರವೇ ತಿರುಗಿ ನಿಲ್ಲುತ್ತದೆ.

ನಮಗೆ ಹತ್ತಿರದ ಹೋಲಿಕೆ ದಕ್ಷಿಣ ಕೊರಿಯಾದ ಸಿಯೋಲ್. ಅಲ್ಲಿಯೂ ಸಿಟಿ ಬಸ್ಸುಗಳು ಖಾಸಗಿ ಕಂಪೆನಿಗಳ ಕೈಯಲ್ಲಿದ್ದವು, ಲಾಭದ ಮಾರ್ಗಕ್ಕಾಗಿ ಕಿತ್ತಾಟವಿತ್ತು. 2004ರ ಜುಲೈ 1ರಂದು ನಗರ ಎಲ್ಲವನ್ನೂ ಒಟ್ಟಿಗೆ ಬದಲಿಸಿತು: ಕಂಪೆನಿಗಳು ಉಳಿದವು, ಕಲೆಕ್ಷನ್ ಒಂದೆಡೆ ಸೇರಿತು, ಓಡಿದ ದೂರದ ಮೇಲೆ ಹಣ ಹಂಚಿಕೆಯಾಯಿತು. ಬಸ್ಸಿನ ಬಣ್ಣ ನೋಡಿದರೆ ಅದು ದೂರದ್ದೋ ಬಡಾವಣೆಯದ್ದೋ ತಿಳಿಯುವಂತಾಯಿತು. ಒಂದೇ ಕಾರ್ಡಿನಲ್ಲಿ ಬಸ್ಸಿನಿಂದ ಬಸ್ಸಿಗೆ, ಬಸ್ಸಿನಿಂದ ಮೆಟ್ರೊಗೆ ಇಳಿದು ಹತ್ತಿದರೂ ಒಟ್ಟು ದೂರಕ್ಕೆ ಒಂದೇ ದರ. ಸುರತ್ಕಲ್ಲಿನಿಂದ ದೇರಳಕಟ್ಟೆಗೆ ಎರಡು ಬಸ್ಸು ಹಿಡಿದು ಎರಡು ಬಾರಿ ಕನಿಷ್ಠ ದರ ಕೊಡುವವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಆದರೆ ಸಿಯೋಲ್ ಬೆಲೆ ತೆತ್ತೇ ಇದನ್ನು ಪಡೆದಿದೆ: ವರ್ಷ ಕಳೆದಂತೆ ನಗರ ಕೊಡಬೇಕಾದ ಸಹಾಯಧನ ಏರುತ್ತಲೇ ಹೋಗಿದೆ. ಅದನ್ನು ಮರೆಸಿ ಯಾರಾದರೂ ಈ ಮಾದರಿಯನ್ನು ಹೊಗಳಿದರೆ ನಂಬಬೇಡಿ.

ಇನ್ನೊಂದು ಅಪಾಯ ನಿಲ್ದಾಣದಲ್ಲಿ ಕಾಣುತ್ತದೆ. ಕಿಲೋಮೀಟರಿಗೆ ಹಣ ಸಿಗುವ ಚಾಲಕನಿಗೆ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವ ಆಸೆಯೇ ಇರುವುದಿಲ್ಲ. ಅಜ್ಜಿ ಕೈ ಅಡ್ಡ ಹಿಡಿದರೂ ಹೋಗಿಬಿಡಬಹುದು. ಲಂಡನ್ ಇದಕ್ಕೊಂದು ಉಪಾಯ ಕಂಡುಕೊಂಡಿದೆ. ಒಂದೊಂದು ಮಾರ್ಗಕ್ಕೂ ಟೆಂಡರ್ ಕರೆದು ಕಂಪೆನಿಗಳಿಗೆ ಕೊಡುತ್ತಾರೆ. ಮೇಲಾಗಿ, ಪ್ರಯಾಣಿಕರು ನಿಲ್ದಾಣದಲ್ಲಿ ವೇಳಾಪಟ್ಟಿಗಿಂತ ಎಷ್ಟು ಹೆಚ್ಚು ಹೊತ್ತು ಕಾಯಬೇಕಾಯಿತು ಎಂದು ಅಳೆದು ಬಹುಮಾನವನ್ನೋ ದಂಡವನ್ನೋ ಹಾಕುತ್ತಾರೆ. ಕಾಯುವವನ ಹೊತ್ತಿಗೆ ಬೆಲೆ ಕಟ್ಟಿದ ಈ ಯೋಚನೆ ಆರು ವರ್ಷ ಕೊಡೆ ಹಿಡಿದು ನಿಂತ ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ.

ಭಾರತದಲ್ಲಿ ಈ ಪದ್ಧತಿ ಹೊಸದಲ್ಲ. ಮಾರ್ಗಗಳ ಗುಂಪುಗಳನ್ನು ಖಾಸಗಿಯವರಿಗೆ ವಹಿಸಿದ ದೆಹಲಿಯ ಕ್ಲಸ್ಟರ್ ಬಸ್ಸುಗಳು ಹೀಗೆಯೇ ಓಡಿವೆ, ಬೆಂಗಳೂರಿನ ವಿದ್ಯುತ್ ಬಸ್ಸುಗಳು ಹೀಗೆಯೇ ಓಡುತ್ತಿವೆ. ಕೇಂದ್ರ ಸರಕಾರ 2023ರ ಆಗಸ್ಟಿನಲ್ಲಿ ಒಪ್ಪಿಗೆ ಕೊಟ್ಟ ಪಿಎಂ ಇ-ಬಸ್ ಸೇವಾ ಯೋಜನೆಯೂ ಇದೇ ತಳಹದಿಯದು: 10,000 ವಿದ್ಯುತ್ ಬಸ್ಸುಗಳು, ಹತ್ತು ವರ್ಷ ಕೇಂದ್ರದ ನೆರವು, ಹನ್ನೆರಡು ಮೀಟರಿನ ಬಸ್ಸಿಗೆ ಕಿಲೋಮೀಟರಿಗೆ 24 ರೂಪಾಯಿ. 2011ರ ಜನಗಣತಿಯಲ್ಲಿ ಮೂರು ಲಕ್ಷಕ್ಕಿಂತ ಹೆಚ್ಚು ಜನರಿರುವ ಊರುಗಳಿಗೆ ಇದು ಸಿಗುತ್ತದೆ. ಮಂಗಳೂರು ಈ ಅಳತೆಯನ್ನು ದಾಟುತ್ತದೆ, ಅದಕ್ಕಿಂತ ಬಹಳ ಚಿಕ್ಕದಾದ ಉಡುಪಿ ದಾಟುವುದಿಲ್ಲ. ಮಣಿಪಾಲಕ್ಕೆ ದಿನವೂ ಬಂದುಹೋಗುವ ರೋಗಿಗಳು, ವಿದ್ಯಾರ್ಥಿಗಳು, ಅಷ್ಟಮಠಗಳಿಗೆ ಬರುವ ಯಾತ್ರಿಕರು ಜನಗಣತಿಯ ಪುಸ್ತಕದಲ್ಲಿ ಇಲ್ಲದಿರುವುದೇ ಇದಕ್ಕೆ ಕಾರಣ.

ಒಂದು ಎಚ್ಚರಿಕೆಯನ್ನು ಮಾವನ ಪರವಾಗಿ ಹೇಳಬೇಕು. ಕಲೆಕ್ಷನ್ ಪದ್ಧತಿಯಲ್ಲಿ ಧಣಿಗೆ ಅಂದಿನ ಹಣ ಅಂದೇ ಸಿಗುತ್ತದೆ. ಒಪ್ಪಂದಕ್ಕೆ ಬಂದ ಮೇಲೆ ನಗರ ಮೂರು ತಿಂಗಳು ಬಿಲ್ಲು ಬಾಕಿ ಇಟ್ಟರೆ, ಎರಡು ಬಸ್ಸಿನ ಸಣ್ಣ ಧಣಿ ಬ್ಯಾಂಕಿನ ಕಂತು ಕಟ್ಟಲಾರದೆ ಮುಳುಗುತ್ತಾನೆ. ನೂರು ಬಸ್ಸಿನ ದೊಡ್ಡ ಕಂಪೆನಿ ಮಾತ್ರ ಉಳಿಯುತ್ತದೆ. ಆದ್ದರಿಂದ ಟಿಕೆಟ್ಟಿನ ಹಣ ಬೀಳುವ ಖಾತೆಯಿಂದ ಮೊದಲು ಧಣಿಗಳ ಪಾಲು, ಆಮೇಲೆ ಉಳಿದ ಖರ್ಚು ಎಂದು ಒಪ್ಪಂದದಲ್ಲೇ ಬರೆದಿರಬೇಕು. ಆ ಷರತ್ತಿಲ್ಲದ ಒಪ್ಪಂದವನ್ನು ಬಸ್ಸಿನವರು ವಿರೋಧಿಸಿದರೆ ನಾನು ಅವರ ಪಕ್ಕದಲ್ಲಿ ನಿಲ್ಲುತ್ತೇನೆ.

ಕೊಪ್ಪದ ಪಾಠ

ನಾಲ್ಕನೆಯ ದಾರಿಯೊಂದು ನಮ್ಮ ಘಟ್ಟದ ಮೇಲೆಯೇ ಇತ್ತು. ಮಾಲೀಕರ ಕಂಪೆನಿ ಮುಚ್ಚಿದಾಗ ಕೊಪ್ಪದ ಚಾಲಕರು, ಕಂಡಕ್ಟರುಗಳು, ಮೆಕ್ಯಾನಿಕ್‌ಗಳು ಸೇರಿ 1991ರಲ್ಲಿ ಸಹಕಾರ ಸಾರಿಗೆಯನ್ನು ಕಟ್ಟಿದರು. ಆರು ಬಸ್ಸಿನಿಂದ ತೊಡಗಿ ಎಪ್ಪತ್ತನ್ನು ಮೀರಿ ಬೆಳೆದರು. ದುಡಿಯುವವನೇ ಒಡೆಯ. ಮಲೆನಾಡಿನ ಜನ ಅದನ್ನು ತಮ್ಮ ಮನೆಯ ಬಸ್ಸು ಎಂದೇ ನೋಡಿದರು. 2020ರಲ್ಲಿ ಅದು ನಿಂತುಹೋಯಿತು. ಡೀಸೆಲಿನ ಬೆಲೆ ಏರಿದಂತೆ ಟಿಕೆಟ್ಟಿನ ಕಲೆಕ್ಷನ್ ಏರಲಿಲ್ಲ. ಒಡೆತನ ಎಷ್ಟೇ ನ್ಯಾಯವಾಗಿದ್ದರೂ, ಖಾಲಿ ಟ್ರಿಪ್ಪಿನ ನಷ್ಟವನ್ನು ತುಂಬುವ ಹೊರಗಿನ ಹಣವಿಲ್ಲದೆ ಬಸ್ಸು ಬದುಕುವುದಿಲ್ಲ. ಆ ಬಸ್ಸುಗಳ ಬಗ್ಗೆ ಬರೆಯುವಾಗ ಈಗಲೂ ಮನಸ್ಸು ಭಾರವಾಗುತ್ತದೆ.

ಹೊರಗಿನ ಹಣ ಎಲ್ಲಿಂದ?

ದರ ಏರಿಸುವುದು ಸುಲಭದ ದಾರಿ. ಏರಿಸಿದಷ್ಟೂ ಜನ ಸ್ಕೂಟರ್ ಕೊಳ್ಳುತ್ತಾರೆ. ಉಳಿಯುವವರು ಸ್ಕೂಟರ್ ಕೊಳ್ಳಲಾರದವರು ಮಾತ್ರ. ಪೂರ್ತಿ ಉಚಿತ ಮಾಡುವುದು ಇನ್ನೊಂದು ತುದಿ: ಲಕ್ಸೆಂಬರ್ಗ್ ದೇಶ 2020ರಲ್ಲಿ ಎಲ್ಲರಿಗೂ ಉಚಿತ ಮಾಡಿತು. ಆದರೆ ಅದು ಶ್ರೀಮಂತ ದೇಶ. ಇಲ್ಲದ ಬಸ್ಸಿಗೆ ಟಿಕೆಟ್ ಉಚಿತವಾದರೆ ಯಾರಿಗೂ ಪ್ರಯೋಜನವಿಲ್ಲ.

ಕರಾವಳಿಗೆ ಹೊಂದುವಂತೆ ನನಗೆ ಕಾಣುವ ದಾರಿ ಫ್ರಾನ್ಸಿನದು. 1971ರಲ್ಲಿ ಪ್ಯಾರಿಸ್ ಪ್ರದೇಶದಲ್ಲಿ ಆರಂಭವಾದ ಒಂದು ತೆರಿಗೆಯನ್ನು ಉದ್ಯೋಗದಾತರು ಸಂಬಳದ ಮೊತ್ತದ ಮೇಲೆ ಕಟ್ಟುತ್ತಾರೆ. ಈಗ ಹನ್ನೊಂದು ಅಥವಾ ಹೆಚ್ಚು ಜನ ಕೆಲಸಕ್ಕಿರುವ ಸಂಸ್ಥೆಗಳಿಗೆ ಅದು ಅನ್ವಯಿಸುತ್ತದೆ, ಹಣ ಸಾರ್ವಜನಿಕ ಸಾರಿಗೆಗೇ ಹೋಗುತ್ತದೆ. ನಮ್ಮ ಊರನ್ನು ನೋಡಿ: ಬಂದರು, ಬೈಕಂಪಾಡಿಯ ಕಾರ್ಖಾನೆಗಳು, ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳು, ಮುಡಿಪಿನ ಸಾಫ್ಟ್‌ವೇರ್ ಕಚೇರಿ, ಮಣಿಪಾಲ. ಇಂಥ ಸಂಸ್ಥೆಗಳಲ್ಲಿ ಅನೇಕವು ಈಗಾಗಲೇ ತಮ್ಮದೇ ಬಸ್ಸುಗಳಿಗೆ ಖರ್ಚು ಮಾಡುತ್ತಿವೆ. ಬೆಳಗ್ಗೆ ಎಂಟಕ್ಕೆ ಹಳದಿ ಬಸ್ಸುಗಳ ಸಾಲು ಹೊರಟು ಖಚಿತವಾಗಿ ಹಣ ಕೊಡುವ ಪ್ರಯಾಣಿಕರನ್ನೆಲ್ಲ ಕರೆದೊಯ್ದ ಮೇಲೆ, ಸಂಜೆ ಐದರವರೆಗೆ ಅವು ಅಂಗಳದಲ್ಲಿ ನಿಂತಿರುತ್ತವೆ. ಅದೇ ಹಣದ ಒಂದು ಪಾಲು ನಗರದ ಪೆಟ್ಟಿಗೆಗೆ ಬಂದರೆ, ಎರಡನೆಯ ಪಾಳಿ ಮುಗಿಸಿದ ದಾದಿಗೂ ಮನೆಗೆ ಬಸ್ಸು ಸಿಗುತ್ತದೆ. ಇದಕ್ಕೆ ರಾಜ್ಯದ ಕಾನೂನು ಬೇಕು, ಸುಲಭವಲ್ಲ. ಆದರೂ ಕೇಳಬೇಕಾದದ್ದು ಇದನ್ನೇ.

ಲಂಡನ್ 2003ರ ಫೆಬ್ರುವರಿಯಲ್ಲಿ ನಗರದ ನಡುಭಾಗಕ್ಕೆ ಬರುವ ಕಾರಿಗೆ ದಿನಕ್ಕೆ ಐದು ಪೌಂಡ್ ಶುಲ್ಕ ಹಾಕಿ ಆ ಹಣವನ್ನು ಸಾರಿಗೆಗೆ ಬಳಸಿತು. ಹಂಪನಕಟ್ಟೆಗೆ ಅದನ್ನು ನಾಳೆಯೇ ತರುವುದು ಬೇಡ. ಬೇರೆ ದಾರಿ ಕೊಡದೆ ಶುಲ್ಕ ಹಾಕುವುದು ತಪ್ಪು. ಪಾರ್ಕಿಂಗ್ ಶುಲ್ಕದಿಂದ ಆರಂಭಿಸಬಹುದು. ಮಾರುಕಟ್ಟೆಯ ಸುತ್ತ ಇಡೀ ದಿನ ರಸ್ತೆಯಂಚಿನಲ್ಲಿ ನಿಲ್ಲುವ ಕಾರು ಬಸ್ಸಿನ ಜಾಗವನ್ನೇ ತಿನ್ನುತ್ತಿದೆ. ನಿಲ್ದಾಣಗಳ ಅಂಗಡಿ ಬಾಡಿಗೆ, ಜಾಹೀರಾತು ಇವೆಲ್ಲ ಸಣ್ಣ ಮೊತ್ತ, ಬಂದಷ್ಟು ಬರಲಿ.

ಯಾವ ಊರಿಗೆ ಯಾವುದು

ಮಂಗಳೂರಿಗೆ ಕಿಲೋಮೀಟರ್ ಒಪ್ಪಂದ, ಅದೂ ಈಗಿರುವ ಖಾಸಗಿ ಬಸ್ಸಿನವರೊಂದಿಗೆ. ಒಮ್ಮೆಲೇ ಇಡೀ ನಗರಕ್ಕೆ ಬೇಡ. ಸ್ಟೇಟ್‌ಬ್ಯಾಂಕ್‌ನಿಂದ ತೊಕ್ಕೊಟ್ಟು, ದೇರಳಕಟ್ಟೆ, ಮುಡಿಪಿನ ಸಾಲಿನಲ್ಲಿ ತೊಡಗಬಹುದು. ಟಿಕೆಟ್ ಯಂತ್ರ, ಕಾರ್ಡುಗಳಿಗೆ ಜನ ಈಗಾಗಲೇ ಒಗ್ಗಿಕೊಂಡಿದ್ದಾರೆ. ಹಾಗೆ ಆದ ದಿನ ಶಕ್ತಿ ಯೋಜನೆಯನ್ನು ಆ ಬಸ್ಸುಗಳಿಗೂ ವಿಸ್ತರಿಸಲು ಲೆಕ್ಕದ ಅಡ್ಡಿಯಿರುವುದಿಲ್ಲ, ಏಕೆಂದರೆ ಸರಕಾರ ಹಣ ಕೊಡಬೇಕಾದದ್ದು ಧಣಿಗಲ್ಲ, ನಗರದ ಪೆಟ್ಟಿಗೆಗೆ.

ಉಡುಪಿ–ಮಣಿಪಾಲದಲ್ಲಿ ದಿನವಿಡೀ ಜನರಿರುವುದರಿಂದ ಅಷ್ಟು ದೊಡ್ಡ ಯಂತ್ರ ಬೇಕಿಲ್ಲ. ಅಲ್ಲಿ ಬಸ್ಸಿನವರೇ ಒಂದಾಗಿ ಕಲೆಕ್ಷನ್ ಒಟ್ಟುಗೂಡಿಸಿ ಟ್ರಿಪ್ಪಿನ ಲೆಕ್ಕದಲ್ಲಿ ಹಂಚಿಕೊಂಡರೂ ಓಟ ನಿಲ್ಲುತ್ತದೆ. ರಾತ್ರಿಯ ಮಲ್ಪೆ, ಹಿರಿಯಡಕದ ಟ್ರಿಪ್ಪುಗಳಿಗೆ ಮಾತ್ರ ಹೊರಗಿನ ನೆರವು ಸಾಕು. ಒಳನಾಡಿನ ಹಳ್ಳಿಗಳಿಗೆ ಸರಕಾರಿ ಬಸ್ಸಿಗಿಂತ ಬೇರೆ ದಾರಿ ನನಗೆ ಕಾಣುವುದಿಲ್ಲ.

ನಡೆಸುವವರು ಯಾರು ಎಂಬುದು ಉಳಿಯಿತು. ಇಂದು ಪರವಾನಗಿ ಒಬ್ಬರದು, ದರ ಇನ್ನೊಬ್ಬರದು, ನಿಲ್ದಾಣ ಪಾಲಿಕೆಯದು, ಏಕಮುಖ ಸಂಚಾರ ಪೊಲೀಸರದು. ಪ್ರಯಾಣಿಕರನ್ನು ಎಣಿಸುವುದು ಯಾರ ಕೆಲಸವೂ ಅಲ್ಲ. ಬೆಂಗಳೂರಿಗೆ 2022ರ ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಕಾಯ್ದೆ ಬಂದಿದೆ. ತಲಪಾಡಿಯಿಂದ ಉಡುಪಿಯವರೆಗೆ ದಿನವೂ ಒಂದೇ ಊರಿನಂತೆ ಓಡಾಡುವ ನಮಗೂ ಅಂಥದ್ದೊಂದು ಬೇಕು, ಸ್ವಂತ ಖಾತೆಯೊಂದಿಗೆ.

ಅದು ಬರುವವರೆಗೂ ಮಾಡಬಹುದಾದ ಕೆಲಸ ಒಂದಿದೆ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಕಟ್ಟಿ, ನಿಮ್ಮ ಮಾರ್ಗದ ಪರವಾನಗಿಗಳ ವೇಳಾಪಟ್ಟಿಯನ್ನು ಪ್ರಾದೇಶಿಕ ಸಾರಿಗೆ ಕಚೇರಿಯಿಂದ ಕೇಳಿ. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ನಾನು ಕೇಳಿ ತರಿಸಿಕೊಂಡೆ. ನಾನು ಆರು ವರ್ಷ ಮಳೆಯಲ್ಲಿ ಕಾದ ಆ ಬಸ್ಸು ಕಾಗದದಲ್ಲಿ ಒಂದು ದಿನವೂ ತಪ್ಪಿರಲಿಲ್ಲ: ಕೊನೆಯ ಟ್ರಿಪ್ಪು, ರಾತ್ರಿ 9.10. ಆ ಪ್ರತಿಯನ್ನು ಈಗ ನಮ್ಮ ನಿಲ್ದಾಣದ ಪಕ್ಕದ ಹೋಟೆಲಿನ ಗೋಡೆಗೆ ಅಂಟಿಸಿದ್ದೇವೆ. ಬಸ್ಸು ಬಾರದ ದಿನ ಅದರ ಕೆಳಗೆ ತಾರೀಖು ಬರೆಯುತ್ತೇವೆ.